ನೆತ್ತಿಯ ಮೇಲಿನ ನೀರು

ಚಾರಣದ ತಂಡದಲ್ಲಿ ಮೊದಲ ತಕರಾರು ಏಳುವುದು ನೀರಿನ ವಿಷಯಕ್ಕೆ. ಹೊರಡುವಾಗ ‘ಒಂದು ಲೀಟರ್ ಸಾಕು’ ಎಂದವರೇ ಮಧ್ಯಾಹ್ನದ ಹೊತ್ತಿಗೆ ‘ಅಣ್ಣಾ, ಒಂದು ಗುಟುಕು ಇದೆಯಾ?’ ಎಂದು ಪಕ್ಕದವರ ಬಾಟಲಿಗೆ ಕೈ ಚಾಚುತ್ತಾರೆ. ಬೆನ್ನ ಮೇಲಿನ ಚೀಲದಲ್ಲಿ ಅತಿ ಭಾರದ ಸಾಮಾನು ನೀರೇ. ಲೀಟರಿಗೆ ಒಂದು ಕಿಲೋ, ಅದರಲ್ಲಿ ರಿಯಾಯಿತಿ ಇಲ್ಲ. ಎರಡು ದಿನಕ್ಕೆಂದು ಬೆಟ್ಟ ಹತ್ತುವವರ ಪಾಡೇ ಹೀಗಾದರೆ, ಬೆಟ್ಟದ ನೆತ್ತಿಯಲ್ಲೇ ನಾಲ್ಕೈದು ಶತಮಾನ ಬಾಳಿದ ಮಠಗಳು ಏನು ಕುಡಿದು ಬದುಕಿದವು?

ಈ ಪ್ರಶ್ನೆಯನ್ನು ಪೆರುವಿನ ಮಾಚು ಪಿಚುವಿಗೆ ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ. ನಾಲ್ಕು ದಿನ ಆಂಡಿಸ್ ಪರ್ವತಗಳಲ್ಲಿ ನಡೆದು ಅಲ್ಲಿಗೆ ತಲುಪುವ ತಂಡಗಳಿಗೆ ಮಾರ್ಗದರ್ಶಿಗಳು ತೋರಿಸುವ ಮುಖ್ಯ ಸಂಗತಿಗಳಲ್ಲಿ ನೀರಿನ ಕಾಲುವೆಯೂ ಒಂದು. ಇಂಕಾಗಳು ಬೆಟ್ಟದ ಓರೆಯಲ್ಲಿದ್ದ ಒರತೆಯೊಂದರಿಂದ 749 ಮೀಟರ್ ಉದ್ದದ ಕಲ್ಲು ಕಾಲುವೆ ಎಳೆದು, ಊರಿನೊಳಗೆ 16 ಕಾರಂಜಿಗಳಿಗೆ ನೀರು ಹರಿಸಿದ್ದರು. ಮೊದಲು ಒರತೆ, ಆಮೇಲೆ ಊರು.

ವಿಶಾಖಪಟ್ಟಣದ ಕಡಲಂಚಿನ ಬೆಟ್ಟಗಳ ಮೇಲೆ ನಿಂತವರಿಗೆ ಇಷ್ಟು ಸುಲಭದ ಉತ್ತರ ಸಿಗುವುದಿಲ್ಲ. ತೊಟ್ಲಕೊಂಡ, ಬಾವಿಕೊಂಡ, ಪಾವುರಾಳಕೊಂಡ: ಮೂರೂ ಬೆಟ್ಟಗಳ ಮೇಲೆ ಎರಡು ಸಾವಿರ ವರ್ಷ ಹಿಂದಿನ ಬೌದ್ಧ ವಿಹಾರಗಳ ಅವಶೇಷಗಳಿವೆ. ಅಲ್ಲಿ ಕಾಲುವೆಯಾಗಿ ಎಳೆದು ತರಬಹುದಾದ ಒರತೆ ಇಲ್ಲ. ಇದ್ದದ್ದು ಬಂಡೆ ಮತ್ತು ಮಳೆ ಮಾತ್ರ. ಆ ಎರಡರಿಂದಲೇ ಭಿಕ್ಷುಗಳು ಸಂಸಾರ ನಡೆಸಿದ ಬಗೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಬೆಟ್ಟದ ಬುಡದಲ್ಲಿ ಕಾರಿನಿಂದ ಇಳಿದರೆ ಸಾಲದು. ಪೂರ್ವಘಟ್ಟದ ಎತ್ತರದಿಂದ ಕಡಲಿನತ್ತ ಇಳಿದು ಬರಬೇಕು. ಅದಕ್ಕೊಂದು ನದಿಯೇ ದಾರಿ ತೋರಿಸುತ್ತದೆ.

ಗೋಸ್ತನಿಯ ಜಾಡಿನಲ್ಲಿ

ಪೂರ್ವಘಟ್ಟವೆಂದರೆ ಪಶ್ಚಿಮಘಟ್ಟದ ಬಡ ತಮ್ಮ ಎಂಬ ಭಾವನೆ ನಮ್ಮಲ್ಲಿದೆ. ವಿಶಾಖಪಟ್ಟಣದಿಂದ ಅರಕು ಕಡೆಗೆ ಹೋಗುವ ರೈಲು ಸುರಂಗದ ಮೇಲೆ ಸುರಂಗ ದಾಟುತ್ತ ಅನಂತಗಿರಿಯನ್ನು ಏರುವಾಗ ಆ ಭಾವನೆ ಕರಗುತ್ತದೆ. ಇಲ್ಲಿನ ಶಿಖರಗಳು 1,600 ಮೀಟರ್ ದಾಟುತ್ತವೆ. ಅರ್ಮಕೊಂಡದ ಎತ್ತರ 1,680 ಮೀಟರ್. ಸುಮಾರು 700 ಮೀಟರ್ ಎತ್ತರದಲ್ಲಿ ಬೊರ್ರಾ ಗುಹೆಗಳಿವೆ. ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟುವ ಗೋಸ್ತನಿ ನದಿ ಈ ಗುಹೆಯ ಮೂಲಕ ಹಾದು, ತಾಟಿಪೂಡಿ ಜಲಾಶಯದಲ್ಲಿ ಸ್ವಲ್ಪ ತಂಗಿ, ಭೀಮುನಿಪಟ್ನಂ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಆ ಊರನ್ನು ಎಲ್ಲರೂ ಕರೆಯುವುದು ಭೀಮಿಲಿ ಎಂದು. ಪಾವುರಾಳಕೊಂಡ ಇರುವುದು ಅದರ ಪಕ್ಕದಲ್ಲೇ. ನದಿಯ ಜಾಡು ಹಿಡಿದು ಕೆಲವು ದಿನ ನಡೆಯುವ ತಂಡಕ್ಕೆ ಕಾಫಿ ತೋಟ, ಕಾಡು, ಗದ್ದೆ, ಕೆಂಪು ಮರಳುದಿಬ್ಬ, ಕೊನೆಗೆ ಕಡಲು ಹೀಗೆ ಇಡೀ ಭೂಗೋಳ ಪಾಠ ಕಾಲಡಿಯಲ್ಲೇ ಬಿಚ್ಚಿಕೊಳ್ಳುತ್ತದೆ.

ಬೊರ್ರಾದಲ್ಲಿ ನೀರು ಶಿಲ್ಪಿಯ ಕೆಲಸ ಮಾಡಿದೆ. ಮಳೆನೀರು ಗಾಳಿಯಿಂದಲೂ ಕಾಡಿನ ಮಣ್ಣಿನಿಂದಲೂ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ತುಸುವೇ ಆಮ್ಲೀಯವಾಗುತ್ತದೆ. ಆ ನೀರು ಸುಣ್ಣದ ಶಿಲೆಯ ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸಿಕೊಳ್ಳುತ್ತದೆ. ಗುಹೆಯ ಚಾವಣಿಯಲ್ಲಿ ಹನಿಯಾಗಿ ಜೋತಾಗ ಅನಿಲ ಹೊರಹೋಗಿ, ಹೊತ್ತು ತಂದ ಸುಣ್ಣವನ್ನು ಅಲ್ಲೇ ಬಿಟ್ಟು ಕೆಳಗೆ ಬೀಳುತ್ತದೆ. ವರ್ಷಕ್ಕೆ ಮಿಲಿಮೀಟರಿನ ಒಂದಂಶದಷ್ಟು ಮಾತ್ರ ಬೆಳೆಯುವ ಈ ತೂಗುಗಲ್ಲುಗಳಲ್ಲಿ ಸಾವಿರಾರು ವರ್ಷಗಳ ಮಳೆಯ ಲೆಕ್ಕ ಪದರಪದರವಾಗಿ ಉಳಿದಿರುತ್ತದೆ.

ಈ ಎತ್ತರದಲ್ಲಿ ನಡೆಯುವವರಿಗೆ ನೀರಿನ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಬೇಸಿಗೆಯಲ್ಲೂ ಅಲ್ಲಲ್ಲಿ ಹಳ್ಳ ಹರಿಯುತ್ತಿರುತ್ತದೆ. ಕಾರಣ ಬೆಟ್ಟಗಳ ತಲೆಯ ಮೇಲಿನ ಬಾಕ್ಸೈಟ್ ಟೊಪ್ಪಿಗೆ. ಕೋಟ್ಯಂತರ ವರ್ಷ ಬಿಸಿಲು ಮಳೆಗೆ ಸಿಕ್ಕಿ ಕೊಳೆತ ಶಿಲೆಯಿಂದ ಸಿಲಿಕಾ ತೊಳೆದುಹೋಗಿ ಉಳಿದ ಅಲ್ಯೂಮಿನಿಯಂ ಅದಿರು ಅದು. ಅದರ ತುಂಬ ಸಣ್ಣಸಣ್ಣ ರಂಧ್ರಗಳು. ಮುಂಗಾರಿನ ನೀರನ್ನು ಕುಡಿದು, ಬೇಸಿಗೆಯವರೆಗೂ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಈ ಬೆಟ್ಟಗಳಲ್ಲಿ ಬಾಕ್ಸೈಟ್ ಗಣಿಗಾರಿಕೆ ಬೇಡವೆಂದು ಆದಿವಾಸಿಗಳು ದಶಕಗಳ ಕಾಲ ಹಟ ಹಿಡಿದದ್ದರ ಹಿಂದೆ ಹಳ್ಳಗಳ ಚಿಂತೆಯೂ ಇತ್ತು. ಕಡಲಂಚಿನ ಪುಟ್ಟ ಬೆಟ್ಟಗಳಿಗೆ ಇಂಥ ದೊಡ್ಡ ಟೊಪ್ಪಿಗೆಯಿಲ್ಲ, ಮೇಲಿನಿಂದ ನೀರು ಇಳಿಸಿಕೊಡುವ ಇನ್ನೊಂದು ಬೆಟ್ಟವೂ ಇಲ್ಲ. ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ಕಡಲು ಸೇರುತ್ತದೆ.

ಕೈಯಲ್ಲೊಂದು ಕಲ್ಲು

ಈ ದಾರಿಯುದ್ದಕ್ಕೂ ಜತೆಗೆ ಬರುವ ಶಿಲೆ ಖೊಂಡಲೈಟ್. ಒಡಿಶಾದ ಖೊಂಡ ಬುಡಕಟ್ಟಿನ ನೆನಪಿನಲ್ಲಿ 1902ರಲ್ಲಿ ಟಿ.ಎಲ್. ವಾಕರ್ ಎಂಬ ಭೂವಿಜ್ಞಾನಿ ಕೊಟ್ಟ ಹೆಸರು. ತೊಟ್ಲಕೊಂಡದ ಹಾದಿಯಲ್ಲಿ ಉದುರಿಬಿದ್ದ ಚೂರೊಂದನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದರೆ, ನೇರಳೆಗೆಂಪಿನ ಕಾಳುಗಳು ಎದ್ದು ಕಾಣುತ್ತವೆ. ಅವು ಗಾರ್ನೆಟ್. ಅವುಗಳ ನಡುವೆ ಒಂದೇ ದಿಕ್ಕಿಗೆ ಮಲಗಿದ ಬಿಳಿ ನಾರುಗಳು ಸಿಲಿಮನೈಟ್. ಕೆಲವು ತುಂಡುಗಳಲ್ಲಿ ಬೆರಳಿಗೆ ಕಪ್ಪು ಹತ್ತುತ್ತದೆ. ಅದು ಗ್ರಾಫೈಟ್, ನಮ್ಮ ಪೆನ್ಸಿಲ್ಲಿನೊಳಗಿರುವುದೇ. ಹಳೆಯದಾದ ಮೈಯಲ್ಲಿ ತುಕ್ಕಿನ ಕಲೆ, ಹಿಟ್ಟಿನಂತೆ ಉದುರುವ ಬಿಳಿ ಜೇಡಿ.

ಇದು ಮೂಲದಲ್ಲಿ ಸಮುದ್ರದ ತಳದ ಕೆಸರು. ಬೊರ್ರಾದ ಸುಣ್ಣದ ಶಿಲೆಯೂ ಅಂಥದೇ ತಳದಲ್ಲಿ ಕೂತ ಸುಣ್ಣ. ಸುಮಾರು 100 ಕೋಟಿ ವರ್ಷಗಳ ಹಿಂದೆ ಭಾರತದ ನೆಲವೂ ಪೂರ್ವ ಅಂಟಾರ್ಕ್ಟಿಕಾದ ನೆಲವೂ ಒಂದಕ್ಕೊಂದು ಒತ್ತರಿಸಿದಾಗ ಆ ಕೆಸರು ಭೂಮಿಯಾಳಕ್ಕೆ ಇಳಿದು, 900 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಕಾವಿನಲ್ಲಿ ಬೆಂದು ಈ ರೂಪಕ್ಕೆ ಬಂತು. ಕೆಸರಿನಲ್ಲಿದ್ದ ಜೀವಿಗಳ ಇಂಗಾಲ ಗ್ರಾಫೈಟ್ ಆಯಿತು, ಜೇಡಿಯ ಅಲ್ಯೂಮಿನಿಯಂ ಸಿಲಿಮನೈಟಿಗೂ ಗಾರ್ನೆಟ್ಟಿಗೂ ಹಂಚಿಹೋಯಿತು. ಆಮೇಲೆ, ಸುಮಾರು 13 ಕೋಟಿ ವರ್ಷಗಳ ಹಿಂದೆ, ಎರಡೂ ನೆಲಗಳು ಬೇರೆಯಾದವು. ವಿಶಾಖಪಟ್ಟಣದ ಬಂಡೆಗಳ ದಾಯಾದಿಗಳು ಇವತ್ತು ಅಂಟಾರ್ಕ್ಟಿಕಾದ ಹಿಮದಡಿಯಲ್ಲಿವೆ.

ಕಟ್ಟುವವರಿಗೆ ಈ ಕಲ್ಲಿನಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಅದರ ಖನಿಜಗಳು ಹಾಳೆಗಳಂತೆ ಜೋಡಿಸಿಕೊಂಡಿರುವುದರಿಂದ, ಹೊರಮೈ ಅರ್ಧ ಕೊಳೆತಿರುವುದರಿಂದ, ಕಬ್ಬಿಣದ ಉಳಿಗೆ ಬೇಗ ಬಗ್ಗುತ್ತದೆ. ಹೊಂಡ ಕೊರೆಯುವುದು, ಚಪ್ಪಡಿ ಎಬ್ಬಿಸುವುದು ಸಲೀಸು. ನುಣ್ಣನೆಯ ಕೆತ್ತನೆಗೆ ಮಾತ್ರ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಉಳಿ ಹೋಗುತ್ತಿರುವಾಗಲೇ ಗಟ್ಟಿ ಗಾರ್ನೆಟ್ ಕಾಳು ಅಡ್ಡ ಬರುತ್ತದೆ, ಪಕ್ಕದ ಫೆಲ್ಡ್‌ಸ್ಪಾರ್ ಪುಡಿಯಾಗುತ್ತದೆ. ತೊಟ್ಲಕೊಂಡ, ಬಾವಿಕೊಂಡಗಳಲ್ಲಿ ಶಿಲ್ಪವೈಭವ ಹುಡುಕಿಕೊಂಡು ಹೋದವರು ನಿರಾಶರಾಗುವುದಕ್ಕೆ ಇದೂ ಒಂದು ಕಾರಣ. ಇಲ್ಲಿ ನೋಡಬೇಕಾದದ್ದು ನೆಲದ ಮೇಲಿನ ಶಿಲ್ಪವನ್ನಲ್ಲ, ನೆಲದೊಳಗಿನ ಗುಂಡಿಗಳನ್ನು.

ಕಾವಡಿಯ ಲೆಕ್ಕ, ಬಂಡೆಯ ಲೆಕ್ಕ

ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ಕಡಲದಾರಿಯಲ್ಲಿ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ತೊಟ್ಲಕೊಂಡ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ, ನೌಕಾಪಡೆಯವರು ನೆಲೆಗೆ ಜಾಗ ಹುಡುಕುತ್ತ ವಿಮಾನದಿಂದ ಸರ್ವೆ ನಡೆಸಿದಾಗ. 1988ರಿಂದ 1993ರವರೆಗೆ ರಾಜ್ಯ ಪುರಾತತ್ವ ಇಲಾಖೆ ಉತ್ಖನನ ಮಾಡಿತು. ಮಹಾಸ್ತೂಪ, ಚೈತ್ಯಗಳು, ಕಂಬದ ಸಭಾಮಂಟಪ, ಊಟದ ಮನೆ, ಸಾಲುಸಾಲು ಕೋಣೆಗಳ ತಳಪಾಯ ಹೊರಬಂದವು. ಸಾತವಾಹನರ ಸೀಸದ ನಾಣ್ಯಗಳ ಜತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಇವೆಲ್ಲದರ ನಡುವೆ ಬಂಡೆಯಲ್ಲೇ ಕೊರೆದ 11 ತೊಟ್ಟಿಗಳಿದ್ದವು. ಪಾವುರಾಳಕೊಂಡದಲ್ಲಿ ಇಂಥವು 16.

ತೊಟ್ಲಕೊಂಡದ ಎತ್ತರ ಸಮುದ್ರಮಟ್ಟದಿಂದ ಸುಮಾರು 128 ಮೀಟರ್. ಚಾರಣಿಗರಿಗೆ ಇದು ಲೆಕ್ಕಕ್ಕೇ ಇಲ್ಲದ ಎತ್ತರ ಅನಿಸಬಹುದು. ನೀರು ಹೊರುವವರ ಕಡೆಯಿಂದ ನೋಡೋಣ. ನೂರು ಭಿಕ್ಷುಗಳಿದ್ದಾರೆ, ಕುಡಿಯಲು, ಅಡುಗೆಗೆ, ಕೈಕಾಲು ತೊಳೆಯಲು ತಲಾ 10 ಲೀಟರ್ ಬೇಕು ಎಂದುಕೊಳ್ಳಿ. ದಿನಕ್ಕೆ ಸಾವಿರ ಲೀಟರ್. ಕಾವಡಿಯೊಂದಕ್ಕೆ 20 ಲೀಟರಿನಂತೆ 50 ಸಲ ಹತ್ತಬೇಕು. ಹತ್ತುವವನ ತೂಕ 60 ಕಿಲೋ, ನೀರು 20 ಕಿಲೋ. ಒಟ್ಟು 80 ಕಿಲೋವನ್ನು 128 ಮೀಟರ್ ಮೇಲೆತ್ತಲು ಸುಮಾರು 100 ಕಿಲೋಜೂಲ್ ಕೆಲಸ. ಐವತ್ತು ಸಲಕ್ಕೆ 5,000 ಕಿಲೋಜೂಲ್, ಅಂದರೆ ಸುಮಾರು 1,200 ಕಿಲೋಕ್ಯಾಲರಿ. ನಮ್ಮ ಸ್ನಾಯುಗಳು ತಿಂದ ಅನ್ನದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಒದಗಿಸುತ್ತವೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ನೀರು ಏರಿಸುವುದಕ್ಕೇ ದಿನಾ 4,800 ಕಿಲೋಕ್ಯಾಲರಿ, ಅಂದರೆ ಇಬ್ಬರ ಇಡೀ ದಿನದ ಊಟ ಖರ್ಚಾಗುತ್ತದೆ. ಭಿಕ್ಷೆಯ ಮೇಲೆ ನಡೆಯುವ ಮಠಕ್ಕೆ ಇದು ಸಣ್ಣ ಬಾಬತ್ತಲ್ಲ.

ಸೆಕೆ ಇನ್ನೊಂದು ತೆರಿಗೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಅನಂತಗಿರಿಯ ಎತ್ತರದಲ್ಲಿ ಗಾಳಿ ನಾಲ್ಕೈದು ಡಿಗ್ರಿ ತಂಪು. ಬೆವರು ಬೇಗ ಆರುತ್ತದೆ, ಮೈ ತಣಿಯುತ್ತದೆ. ಕಡಲಂಚಿನ ತೇವದ ಗಾಳಿಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ. ನೆಲಕ್ಕೆ ಬಿದ್ದ ಹನಿ ಮೈಯನ್ನು ತಣಿಸುವುದಿಲ್ಲ, ದೇಹ ಮತ್ತಷ್ಟು ಬೆವರು ಸುರಿಸುತ್ತದೆ. ಸಾವಿರ ಮೀಟರಿನ ಬೆಟ್ಟದಲ್ಲಿ ಹುಮ್ಮಸ್ಸಿನಿಂದ ನಡೆದ ತಂಡವೇ ನೂರು ಮೀಟರಿನ ಗುಡ್ಡದಲ್ಲಿ ಸುಸ್ತಾಗಿ ಕೂರುವುದು ಇದಕ್ಕೇ.

ಈಗ ಮಳೆಯ ಲೆಕ್ಕ. ಒಂದು ಚದರ ಮೀಟರ್ ಬಂಡೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವಿಶಾಖಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿಲಿಮೀಟರ್. ಅರ್ಧ ಪೋಲಾದರೂ ಚದರ ಮೀಟರಿಗೆ 500 ಲೀಟರ್ ದಕ್ಕುತ್ತದೆ. ನೂರು ಜನರ ವರ್ಷದ ಅಗತ್ಯ 3,65,000 ಲೀಟರ್. ಅದಕ್ಕೆ ಬೇಕಾದದ್ದು 730 ಚದರ ಮೀಟರ್ ಬೋಳುಬಂಡೆ ಮಾತ್ರ. ಬೆಂಗಳೂರಿನ ಲೆಕ್ಕದಲ್ಲಿ ಆರೂವರೆ ‘ಥರ್ಟಿ ಫಾರ್ಟಿ’ ಸೈಟು. ತೊಟ್ಲಕೊಂಡದ ನೆಲೆ ಹಬ್ಬಿರುವುದು ಸುಮಾರು 120 ಎಕರೆಯಲ್ಲಿ. ಮಳೆಗೂ ಜಾಗಕ್ಕೂ ಬರವಿರಲಿಲ್ಲ.

ತೊಡಕಿದ್ದದ್ದು ಹಿಡಿದಿಟ್ಟುಕೊಳ್ಳುವುದರಲ್ಲಿ. ಇಲ್ಲಿ ಮುಂಗಾರು ಜೂನ್‌ನಲ್ಲಿ ಶುರುವಾದರೂ ಅತಿ ಹೆಚ್ಚು ಮಳೆ ಸುರಿಯುವುದು ಅಕ್ಟೋಬರ್‌ನಲ್ಲಿ, ಹಿಂಗಾರು ಮತ್ತು ಚಂಡಮಾರುತಗಳ ಕೃಪೆಯಿಂದ. 2014ರ ಅಕ್ಟೋಬರ್ 12ರಂದು ನಗರವನ್ನು ಅಲುಗಿಸಿದ ಹುದ್‌ಹುದ್ ಚಂಡಮಾರುತ ಬಂದದ್ದೂ ಇದೇ ಋತುವಿನಲ್ಲಿ. ಡಿಸೆಂಬರ್‌ನಿಂದ ಮೇವರೆಗಿನ ಆರು ತಿಂಗಳು ಹೆಚ್ಚುಕಡಿಮೆ ಒಣ. ಆ 180 ದಿನಕ್ಕೆ 1,80,000 ಲೀಟರ್ ಬೇಕು. ಹನ್ನೊಂದು ತೊಟ್ಟಿಗಳಿಗೆ ಹಂಚಿದರೆ ಒಂದೊಂದರಲ್ಲೂ 16 ಘನ ಮೀಟರ್. 4 ಮೀಟರ್ ಉದ್ದ, 2 ಮೀಟರ್ ಅಗಲ, 2 ಮೀಟರ್ ಆಳ ಇದ್ದರಾಯಿತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಆರು ತಿಂಗಳಲ್ಲಿ 90 ಸೆಂಟಿಮೀಟರ್ ನೀರು ಮಾಯ. ಎರಡು ಮೀಟರ್ ಆಳದ ತೊಟ್ಟಿಯಲ್ಲಿ ಹತ್ತಿರಹತ್ತಿರ ಅರ್ಧ. ಆವಿಯಾಗುವ ಪ್ರಮಾಣವನ್ನು ನಿರ್ಧರಿಸುವುದು ತೊಟ್ಟಿಯ ಬಾಯಿಯ ಅಗಲ, ಆಳವಲ್ಲ. ಬಾಯಿ ಕಿರಿದು ಮಾಡಿ ಆಳಕ್ಕೆ ಕೊರೆದರೆ, ಮೇಲೊಂದು ನೆರಳು ಕಟ್ಟಿದರೆ ನಷ್ಟ ಇಳಿಯುತ್ತದೆ. ಬೆಳಕು ಕಡಿಮೆಯಾದರೆ ಪಾಚಿಯೂ ಕಡಿಮೆ. ಮಳೆನೀರಿನ ತೊಟ್ಟಿ ಕಟ್ಟುವ ಇಂದಿನ ಎಂಜಿನಿಯರ್ ಕೂಡ ಇದೇ ಮೂರು ಮಾತನ್ನು ಹೇಳುತ್ತಾರೆ.

ಬೌದ್ಧರ ವರ್ಷಾವಾಸವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಆಷಾಢದ ಹುಣ್ಣಿಮೆಯಿಂದ ಮೂರು ತಿಂಗಳು ಭಿಕ್ಷುಗಳು ಒಂದೆಡೆ ನಿಲ್ಲಬೇಕೆಂಬುದು ನಿಯಮ. ಬೆಟ್ಟದ ಮೇಲೆ ಜನ ಅತಿ ಹೆಚ್ಚಿರುವ ಕಾಲವೂ ತೊಟ್ಟಿಗಳು ತುಂಬುವ ಕಾಲವೂ ಒಂದೇ ಆಗುತ್ತದೆ. ಮಳೆ ನಿಂತ ಮೇಲೆ ಭಿಕ್ಷುಗಳು ಚಾರಿಕೆಗೆ, ಅಂದರೆ ಊರೂರು ಸಂಚಾರಕ್ಕೆ ಹೊರಡುತ್ತಾರೆ, ನೀರಿನ ಮೇಲಿನ ಹೊರೆ ಇಳಿಯುತ್ತದೆ. ಕೆಳಗಿನ ತೀರದಲ್ಲಿ ಹಡಗುಗಳೂ ಗಾಳಿಯ ದಿಕ್ಕು ಬದಲಾಗುವುದನ್ನೇ ಕಾಯುತ್ತಿದ್ದವು. ರೋಮಿನ ನಾಣ್ಯಗಳನ್ನು ಇಲ್ಲಿಗೆ ತಂದ ವ್ಯಾಪಾರವೂ, ಭಿಕ್ಷುಗಳ ದಿನಚರಿಯೂ ಒಂದೇ ಮಾರುತದ ಪಂಚಾಂಗದ ಮೇಲೆ ನಡೆಯುತ್ತಿದ್ದವು.

ಕಲ್ಲು ಬದಲಾದರೆ ಕಲೆಯೂ

ವಿಶಾಖಪಟ್ಟಣದಿಂದ ವಿಜಯವಾಡದ ಕಡೆ ಹೊರಟರೆ ಅನಕಾಪಲ್ಲಿಯ ಹತ್ತಿರ ಶಂಕರಂ ಸಿಗುತ್ತದೆ. ಬೊಜ್ಜನ್ನಕೊಂಡ, ಲಿಂಗಾಲಕೊಂಡ ಎಂಬ ಜೋಡಿ ಗುಡ್ಡಗಳಲ್ಲಿ ಬಹುತೇಕ ಸ್ತೂಪಗಳನ್ನು ಕಟ್ಟಿಲ್ಲ; ಗುಡ್ಡವನ್ನೇ ಕಡಿದು ಸಾಲುಸಾಲಾಗಿ ಉಳಿಸಿಕೊಂಡಿದ್ದಾರೆ. 1907ರ ಸುಮಾರಿಗೆ ಪುರಾತತ್ವಜ್ಞ ಅಲೆಕ್ಸಾಂಡರ್ ರಿಯಾ ಇಲ್ಲಿ ಅಗೆದಾಗ ಸಮುದ್ರಗುಪ್ತನ ಚಿನ್ನದ ನಾಣ್ಯದ ಜತೆ ‘ವಿಷಮಸಿದ್ಧಿ’ ಬಿರುದಿನ ತಾಮ್ರದ ನಾಣ್ಯಗಳೂ ದೊರೆತವು. ಆ ಬಿರುದು ಕುಬ್ಜ ವಿಷ್ಣುವರ್ಧನನದು. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮನಾದ ಆತ ವೆಂಗಿಯಲ್ಲಿ ಪೂರ್ವ ಚಾಲುಕ್ಯ ವಂಶ ಸ್ಥಾಪಿಸಿದವನು. ಮಲಪ್ರಭೆಯ ದಂಡೆಯ ಮನೆತನದ ನಾಣ್ಯ ಕಡಲಂಚಿನ ಬೌದ್ಧ ಗುಡ್ಡದಲ್ಲಿ ಚಲಾವಣೆಯಲ್ಲಿತ್ತು.

ವಿಜಯವಾಡದಲ್ಲಿ ನೀರಿನ ಪ್ರಶ್ನೆ ತಲೆಕೆಳಗಾಗುತ್ತದೆ. ಮಹಾಬಲೇಶ್ವರದಲ್ಲಿ ಹುಟ್ಟಿ, ಆಲಮಟ್ಟಿ, ನಾರಾಯಣಪುರ ದಾಟಿ, ಭೀಮೆ ತುಂಗಭದ್ರೆಯರನ್ನು ಕೂಡಿಕೊಂಡು ಬರುವ ಕೃಷ್ಣೆ ಇಲ್ಲಿ ಎರಡು ಬೆಟ್ಟಗಳ ಸಂದಿಯಲ್ಲಿ ನುಗ್ಗುತ್ತದೆ. ಎರಡೂ ದಡದಲ್ಲಿ ಗಟ್ಟಿ ಬಂಡೆ, ನಡುವೆ ಕಿರಿದಾದ ನದಿ. 1855ರಲ್ಲಿ ಆಣೆಕಟ್ಟನ್ನೂ 1957ರಲ್ಲಿ ಪ್ರಕಾಶಂ ಬ್ಯಾರೇಜನ್ನೂ ಇಲ್ಲೇ ಕಟ್ಟಿದ್ದಕ್ಕೆ ಈ ಸಂದಿಯೇ ಕಾರಣ. ಬೇಕಾದಷ್ಟು ನೀರಿರುವ ಈ ಸೀಮೆಯಲ್ಲಿ ಬಂಡೆ ಕೊರೆದದ್ದರಿಂದ ಸಿಕ್ಕಿದ್ದು ನೆರಳು. ಉಂಡವಲ್ಲಿಯ ನಾಲ್ಕು ಅಂತಸ್ತಿನ ಗುಹಾಲಯದ ಒಳಗೆ ಮೇ ತಿಂಗಳ ಮಧ್ಯಾಹ್ನ ಗೋಡೆಗೆ ಬೆನ್ನು ಕೊಟ್ಟವರಿಗೆ ಅದರ ಗುಟ್ಟು ತಿಳಿಯುತ್ತದೆ. ಬಂಡೆಯ ಹೊರಮೈ ಎಷ್ಟೇ ಕಾದರೂ ಒಂದು ದಿನದ ಬಿಸಿಲಿನ ಅಲೆ ಒಳಗೆ ಸುಮಾರು 17 ಸೆಂಟಿಮೀಟರ್ ಹೋಗುವಷ್ಟರಲ್ಲಿ ಮೂರನೇ ಒಂದಕ್ಕೆ ಕುಗ್ಗುತ್ತದೆ. ಬೇಸಿಗೆ ಚಳಿಗಾಲಗಳ ವಾರ್ಷಿಕ ಅಲೆಯೂ ಮೂರು ಮೀಟರ್ ಸುಮಾರಿನಲ್ಲಿ ಅಷ್ಟೇ ಕುಗ್ಗುತ್ತದೆ. ಆಳದ ಬಂಡೆಗೆ ಗೊತ್ತಿರುವುದು ವರ್ಷದ ಸರಾಸರಿ ತಾಪ ಮಾತ್ರ. ಹೊರಗೆ ನಲವತ್ತು ದಾಟಿದಾಗಲೂ ಒಳಗೋಡೆ ತಣ್ಣಗಿರುತ್ತದೆ.

ಅಲ್ಲಿಂದ ನದಿಯ ಮೇಲ್ಮುಖವಾಗಿ ಹೋದರೆ ಅಮರಾವತಿ. 18ನೆಯ ಶತಮಾನದ ಕೊನೆಯಲ್ಲಿ ಸರ್ವೇಯರ್ ಕಾಲಿನ್ ಮೆಕೆಂಜಿ ಕಂಡ ಮಹಾಸ್ತೂಪದ ಫಲಕಗಳು ಇಂದು ಚೆನ್ನೈ ಮತ್ತು ಲಂಡನ್ನಿನ ಮ್ಯೂಸಿಯಮ್ಮುಗಳಲ್ಲಿವೆ. ಅವು ಪಲ್ನಾಡು ಕಡೆಯ ಸುಣ್ಣದ ಕಲ್ಲು. ಕಾಳುಗಳು ಸೂಕ್ಷ್ಮ, ಮೈ ಮೆತ್ತಗೆ. ಉಳಿ ಹೇಳಿದಂತೆ ಕೇಳುತ್ತದೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ರಾಜಚಿತ್ರವೂ ಸುಣ್ಣದ ಕಲ್ಲಿನಲ್ಲೇ ಅರಳಿತು. ಒಂದೇ ಧರ್ಮ, ಹೆಚ್ಚುಕಡಿಮೆ ಒಂದೇ ಕಾಲ. ಖೊಂಡಲೈಟ್ ಸಿಕ್ಕಿದ ಕಡೆ ತೊಟ್ಟಿ, ಚಪ್ಪಡಿ, ಸರಳ ಸ್ತೂಪ. ಸುಣ್ಣದ ಕಲ್ಲು ಸಿಕ್ಕಿದ ಕಡೆ ಜಾತಕ ಕಥೆಗಳ ಶಿಲ್ಪಮಾಲೆ. ದಾನಿಗಳ ಹಣ, ಶಿಲ್ಪಿಗಳ ಕೌಶಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ ನಿಜ, ಆದರೆ ಕಾಲಡಿಯ ಕಲ್ಲಿನ ಮಾತನ್ನು ಮೀರಿ ಯಾರೂ ಹೆಚ್ಚು ದೂರ ಹೋಗಲಿಲ್ಲ.

ಕಟ್ಟಿದ ನೀರೇ ಕೆಡವುತ್ತದೆ

7ನೆಯ ಶತಮಾನದಲ್ಲಿ ಚೀನಾದ ಯಾತ್ರಿಕ ಷ್ವಾನ್‌ಜಾಂಗ್ ಈ ಸೀಮೆಗೆ ಬಂದಾಗಲೇ ಅನೇಕ ಬೌದ್ಧ ವಿಹಾರಗಳು ಪಾಳುಬಿದ್ದಿದ್ದವು. ಜನ ಬಿಟ್ಟುಹೋದ ಮೇಲೆ ಕೆಲಸ ಮುಂದುವರಿಸಿದ್ದು ಮಳೆ. 2019ರ ಅಕ್ಟೋಬರ್‌ನ ಭಾರೀ ಮಳೆಗೆ, ಜೀರ್ಣೋದ್ಧಾರಗೊಂಡಿದ್ದ ತೊಟ್ಲಕೊಂಡದ ಮಹಾಸ್ತೂಪದ ಒಂದು ಭಾಗ ಕುಸಿಯಿತು. 2020ರ ಅಕ್ಟೋಬರ್‌ನಲ್ಲಿ ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದಲ್ಲಿ ಬಂಡೆಗಳು ಉರುಳಿದವು. 2024ರ ಆಗಸ್ಟ್ 31ರ ಮಳೆಗೆ ಅದೇ ಊರಿನ ಮೊಗಲ್ರಾಜಪುರಂನಲ್ಲಿ ಗುಡ್ಡ ಜರಿದು ಮನೆಯೊಳಗಿದ್ದವರು ಸತ್ತರು. ಕಾರಣದ ಸರಪಳಿ ಹೆಚ್ಚುಕಡಿಮೆ ಒಂದೇ. ಸೀಳುಗಳಲ್ಲಿ ಇಳಿದ ನೀರು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸುತ್ತದೆ. ಜೇಡಿ ಒದ್ದೆಯಾದರೆ ಜಾರುತ್ತದೆ, ಒಳಗೆ ಸಿಕ್ಕಿಕೊಂಡ ನೀರು ಹೊರಕ್ಕೆ ಒತ್ತುತ್ತದೆ. ಹರಿದುಹೋಗಲು ದಾರಿಯಿಲ್ಲದ ಕಡೆ ಗುಡ್ಡವೂ ಗೋಡೆಯೂ ಒಂದೇ ರೀತಿಯಲ್ಲಿ ಸೋಲುತ್ತವೆ.

ಆದ್ದರಿಂದ ಸಂರಕ್ಷಣೆಯೆಂದರೆ ಇಟ್ಟಿಗೆ ಜೋಡಿಸುವುದಕ್ಕಿಂತ ಮೊದಲು ನೀರಿನ ದಾರಿ ಬಿಡಿಸುವ ಕೆಲಸ. ಬೋಳುಬಂಡೆಯಿಂದ ತೊಟ್ಟಿಗೆ, ತೊಟ್ಟಿ ತುಂಬಿದ ಮೇಲೆ ಇಳಿಜಾರಿಗೆ ನೀರು ಹೇಗೆ ಹೋಗುತ್ತಿತ್ತು ಎಂಬ ನಕ್ಷೆ ಪ್ರತಿ ಬೆಟ್ಟಕ್ಕೂ ಬೇಕು. ಅದನ್ನು ಕೂತಲ್ಲಿಂದ ಬರೆಯಲಾಗದು. ಮಳೆ ಬೀಳುತ್ತಿರುವಾಗ ಬೆಟ್ಟದ ಮೇಲಿದ್ದು ನೋಡಬೇಕು. ಚಾರಣದ ತಂಡಗಳು ಬೇಸಿಗೆ ರಜೆಯಲ್ಲಿ ಹೋಗುವ ಬದಲು ಅಕ್ಟೋಬರ್ ಕೊನೆಯಲ್ಲಿ, ಎಚ್ಚರಿಕೆಯಿಂದ, ಸ್ಥಳೀಯರ ಜತೆಗೂಡಿ ಹೋದರೆ ಯಾವ ತೊಟ್ಟಿ ತುಂಬಿದೆ, ಯಾವುದು ಸೋರಿದೆ, ಯಾವ ಸ್ತೂಪದ ಬುಡದಲ್ಲಿ ನೀರು ನಿಂತಿದೆ ಎಂಬುದನ್ನು ಮೊಬೈಲಿನಲ್ಲೇ ಗುರುತಿಸಿಕೊಂಡು ಬರಬಹುದು. ಸ್ತೂಪದ ಮುಂದೆ ಗುಂಪು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಅದು ಪುರಾತತ್ವ ಇಲಾಖೆಗೆ ಹೆಚ್ಚು ಉಪಕಾರ.